ಗಂಡನ ಊರು ಓಸಾಕಾ: ಅತ್ತಿ-ಮಾವನ ಜೋಡಿ ಮಾತಾಡೋ ಅಷ್ಟು ಜಪಾನಿ ಕಲಿಯೋದು ಹೆಂಗ?

ಮಾಳಮಡ್ಡಿ_ಸೊಸಿ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ನಾವಿರೋದು ಧಾರವಾಡದಾಗ. ಗಂಡ ಜಪಾನದವರು, ಅವರ ಊರು ಓಸಾಕಾ. ಮನ್ಯಾಗ ಇಬ್ರೂ ಇಂಗ್ಲಿಷ್ ಮಾತಾಡ್ತೀವಿ. ಅವರು ನಮ್ಮ ಅವ್ವ-ಅಪ್ಪನ ಜೋಡಿ ಅಷ್ಟಿಷ್ಟು ಕನ್ನಡ ಮಾತಾಡೋ ಮಟ್ಟಿಗೆ ಬಂದಾರ. ನನಗ ಮಾತ್ರ ಜಪಾನಿ ಒಂದಕ್ಷರ ಬರಂಗಿಲ್ಲ, ಅತ್ತಿ-ಮಾವಗ ಇಂಗ್ಲಿಷ್ ಬರಂಗಿಲ್ಲ. ಬರೋ ಹೊಸ ವರ್ಷಕ್ಕ ಅವರ ಮನಿಗೆ ಹೋಗಿ ಹತ್ತು ದಿನ ಇರೋದದ. ಕೈಯಾಗ ಒಂಬತ್ತು ತಿಂಗಳು ಅದಾವ.

ಎಲ್ಲಿಂದ ಸುರು ಮಾಡ್ಲಿ? ಗಂಡನ ಕಡೀಂದನ ಕಲಿತ್ರ ಸಾಕೋ, ಬ್ಯಾರೆ ಪಾಠ ಬೇಕೋ? ಪರೀಕ್ಷಾ ಕಟ್ಟಬೇಕಾ? ಅತ್ತಿ ಮಾಡಿದ್ದನ್ನ ಅವರಿಗೆ ಬ್ಯಾಸರ ಆಗದಂಗ 'ನಾ ಪೂರ್ತಿ ಸಸ್ಯಾಹಾರಿ' ಅಂತ ಹೇಳೋದು ಹೆಂಗ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಗದಗ_ನಿಹೊಂಗೊ ಬರೆದದ್ದು:

ಇಂಗ್ಲಿಷ್‌ನವರಿಗೆ ಜಪಾನಿಯಲ್ಲಿ ಅತಿ ಕಷ್ಟ ಅನಿಸುವ ಭಾಗವೇ ಕನ್ನಡದವರಿಗೆ ಸಲೀಸು. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪ್ರತ್ಯಯ ನಾಮಪದ ಆದ ಮೇಲೆಯೇ ಬರುತ್ತದೆ. 'ನಿನ್ನೆ ಬಂದ ಮನುಷ್ಯ' ಅನ್ನುವುದು ಅದೇ ಕ್ರಮದಲ್ಲಿ 'ಕಿನೋ ಕಿತ ಹಿತೊ'. ಹಾಗಾಗಿ ಪಾಠ ಇಂಗ್ಲಿಷ್‌ನಲ್ಲಿದ್ದರೂ ನೋಟ್‌ಬುಕ್ಕಿನಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ನಡುವೆ ಇಂಗ್ಲಿಷ್ ಹೊಕ್ಕರೆ ಸುಲಭದ್ದೂ ಕಷ್ಟವಾಗುತ್ತದೆ.

ಮೊದಲು ಲಿಪಿ. ಹಿರಗನ 46 ಅಕ್ಷರ. ದಿನಕ್ಕೆ ನಾಲ್ಕೈದು ಬರೆದು ತಿದ್ದಿದರೆ ಎರಡು ವಾರದಲ್ಲಿ ಕೈಗೆ ಬರುತ್ತದೆ. ಅದರ ಸಾಲು ನಮಗೆ ಪರಿಚಿತ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಮೂಲಕ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಆ ಕ್ರಮದಲ್ಲಿದೆ, ಆದ್ದರಿಂದ ನಿಘಂಟು ನೋಡುವುದು ಬೇಗ ರೂಢಿಯಾಗುತ್ತದೆ. ಕತಕನವೂ 46, ಹೊರಗಿನಿಂದ ಬಂದ ಪದಗಳನ್ನೂ ನಿಮ್ಮ ಹೆಸರನ್ನೂ ಬರೆಯುವುದು ಅದರಲ್ಲಿ. ಕಂಜಿ (ಚೀನಾದಿಂದ ಬಂದ ಅಕ್ಷರಗಳು) ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಇವೆ, ಅದನ್ನು ನೋಡಿ ಹೆದರಬೇಡಿ. ಒಂಬತ್ತು ತಿಂಗಳಿಗೆ ಅತ್ತೆ ಮನೆಯ ಅಡ್ಡಹೆಸರು, ಸ್ಟೇಷನ್ ಹೆಸರು, ವಾಷಿಂಗ್ ಮಷಿನ್ ಮತ್ತು ಅನ್ನದ ಕುಕ್ಕರಿನ ಗುಂಡಿಗಳ ಮೇಲಿನವು, ಇವುಗಳ ಜತೆ ನೂರರಷ್ಟು ಗುರುತಿಸಲು ಬಂದರೆ ಧಾರಾಳವಾಯಿತು.

ಹಿರಗನ ಬರುವವರೆಗೆ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ರೋಮನ್ ಅಕ್ಷರದಲ್ಲಿ ಬೇಡ. ರೋಮನ್‌ನಲ್ಲಿ ನೋಡಿದ ಕೂಡಲೇ ನಮ್ಮ ನಾಲಿಗೆ ಇಂಗ್ಲಿಷ್ ರೂಢಿಗೆ ಹೊರಳಿ 'ಟಬೆಮಾಸು' ಅನ್ನುತ್ತದೆ. ಜಪಾನಿಯ ಆ ಧ್ವನಿ ನಮ್ಮ 'ತ'ಕ್ಕೆ ಹತ್ತಿರ: ತಬೆಮಸ್ (ತಿನ್ನುತ್ತೇನೆ). ಕೊನೆಯ 'ಉ' ಹೆಚ್ಚುಕಮ್ಮಿ ನುಂಗಿ ಹೋಗುತ್ತದೆ. ವಾಕ್ಯದ ಕೊನೆಗೆ ಮರ್ಯಾದೆಗೆ ಬರುವ ಪದವೂ ದೆಸು ಅಲ್ಲ, ದೆಸ್. ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಬೇರೆ: ಒಬಸನ್ ಅಂದರೆ ಚಿಕ್ಕಮ್ಮ ಅಥವಾ ಅತ್ತೆಯ ವಯಸ್ಸಿನವರು, ಒಬಾಸನ್ ಅಂದರೆ ಅಜ್ಜಿ. ಒತ್ತಕ್ಷರವೂ ಹಾಗೆಯೇ: ಕಿತೆ ಅಂದರೆ 'ಬಾ', ಕಿತ್ತೆ ಅಂದರೆ ಅಂಚೆಚೀಟಿ. ಈ ವ್ಯತ್ಯಾಸಗಳೆಲ್ಲ ಕನ್ನಡದಲ್ಲಿ ಇರುವುದರಿಂದ ನಮ್ಮ ಕಿವಿ ಹಿಡಿಯುತ್ತದೆ. ನಿಮ್ಮ ಯಜಮಾನರ ಊರನ್ನೂ ನಾವು ಓಸಾಕಾ ಅಂತ ಎಳೆಯುತ್ತೇವೆ. ಅಲ್ಲಿಯವರು ಹೇಳುವುದು ಓಸಕ, ದೀರ್ಘ ಮೊದಲಿಗೆ ಮಾತ್ರ. 'ತ್ಸು' ಕನ್ನಡದಲ್ಲಿಲ್ಲ, ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಮರಾಠಿ ಕಿವಿಗೆ ಬಿದ್ದವರಿಗೆ ಕಷ್ಟವಾಗದು: ಮರಾಠಿಯವರು 'ಚಾಂಗಲಾ' ಅನ್ನುವಾಗ ಬರುವ ಆ 'ಚ' ಇದೇ.

ಇನ್ನು ವ್ಯಾಕರಣ. ಕನ್ನಡದವರು ಮೊದಲು ಹಿಡಿಯಬೇಕಾದದ್ದು 'ತೆ' ರೂಪ. ನಮ್ಮ 'ಮಾಡಿ, ಹೋಗಿ, ತಿಂದು' ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಅದರ ಮುಂದೆ ಕೂಡುವ ಕ್ರಿಯಾಪದಗಳೂ ನಮ್ಮವೇ ಅನಿಸುತ್ತವೆ. ಯತ್ತೆ ಮಿರು: ಮಾಡಿ ನೋಡು. ತಬೆತೆ ಶಿಮವು: ತಿಂದುಬಿಡು. ತ್ಸುಕುತ್ತೆ ಒಕು: ಮಾಡಿಡು. ಮನೆಯಿಂದ ಹೊರಡುವಾಗ ಹೇಳುವ 'ಇತ್ತೆ ಕಿಮಸ್' ಅಕ್ಷರಶಃ 'ಹೋಗಿ ಬರ್ತೀನಿ'. ಈ ರೂಪ ಕಟ್ಟುವ ನಿಯಮಕ್ಕೆ ಒಂದು ತಿಂಗಳು ಕೊಟ್ಟರೂ ನಷ್ಟವಿಲ್ಲ.

ಎಡವುವುದು ಎಲ್ಲಿ ಅಂದರೆ, ಕನ್ನಡದಲ್ಲಿ ಒಂದೇ ಇರುವುದು ಅಲ್ಲಿ ಎರಡಾಗುವ ಕಡೆ. ನಮ್ಮ 'ಅಲ್ಲಿ' ಪ್ರತ್ಯಯಕ್ಕೆ ಅವರಲ್ಲಿ 'ನಿ' ಮತ್ತು 'ದೆ' ಎರಡಿವೆ. ಇರುವುದಕ್ಕೆ, ವಾಸಕ್ಕೆ 'ನಿ': ಉಚಿ ನಿ ಇಮಸ್, ಮನೆಯಲ್ಲಿದ್ದೇನೆ. ಕೆಲಸ ನಡೆಯುವುದಕ್ಕೆ 'ದೆ': ಉಚಿ ದೆ ತಬೆಮಸ್, ಮನೆಯಲ್ಲಿ ಉಣ್ಣುತ್ತೇನೆ. 'ಇಂದ' ಕೂಡ ಹೀಗೇ ಒಡೆಯುತ್ತದೆ. ಹುಬ್ಬಳ್ಳಿಯಿಂದ ಬಂದೆ ಅನ್ನಲು 'ಕರ', ಚಾಕುವಿನಿಂದ ಹೆಚ್ಚಿದೆ ಅನ್ನಲು 'ದೆ'.

'ಇರು' ಕ್ರಿಯಾಪದಕ್ಕೂ ಎರಡು ಪದ: ಜೀವ ಇದ್ದದ್ದಕ್ಕೆ ಇರು, ಇಲ್ಲದ್ದಕ್ಕೆ ಅರು. ನಾಯಿ, ಆಕಳು ಕನ್ನಡದಲ್ಲಿ ನಪುಂಸಕ ಲಿಂಗ ಆದ್ದರಿಂದ 'ನಾಯಿ ಅದ' ಅನ್ನುವ ರೂಢಿಯಲ್ಲಿ 'ಇನು ಗ ಅರಿಮಸ್' ಅಂದುಬಿಡುತ್ತೇವೆ. ಸರಿಯಾದದ್ದು 'ಇನು ಗ ಇಮಸ್'.

ಕೊಡುವುದರಲ್ಲಿ ತಪ್ಪುವವರು ಇನ್ನೂ ಹೆಚ್ಚು. ನಾನು ಬೇರೆಯವರಿಗೆ ಕೊಟ್ಟರೆ ಅಗೆರು, ಬೇರೆಯವರು ನನಗೆ ಕೊಟ್ಟರೆ ಕುರೆರು. ಅತ್ತೆ ನಿಮಗೊಂದು ಸೀರೆಯೋ ಕಿಮೊನೊವೋ ಕೊಟ್ಟರೆ 'ಒಕಾಸನ್ ಗ ಕುರೆಮಶಿತ' ಅನ್ನಬೇಕು. 'ಅಗೆಮಶಿತ' ಅಂದರೆ ಅವರು ಅದನ್ನು ಇನ್ನಾರಿಗೋ ಕೊಟ್ಟ ಹಾಗೆ ಕೇಳುತ್ತದೆ. ಮಲಯಾಳ ಬಲ್ಲವರಿಗೆ 'ತರು' ಮತ್ತು 'ಕೊಡು' ನಡುವಿನ ಭೇದ ನೆನಪಾಗಬಹುದು.

'ತೆ ಇರು' ಬಗ್ಗೆಯೂ ಎಚ್ಚರ. ತಬೆತೆ ಇಮಸ್ ಅಂದರೆ ತಿನ್ನಾಕತ್ತೀನಿ. ಕೆಕ್ಕೊನ್ ಶಿತೆ ಇಮಸ್ ಅಂದರೆ ಮದುವಿ ಆಗೇದ, 'ಆಗಾಕತ್ತೇದ' ಅಲ್ಲ. ಸ್ಥಿತಿ ಬದಲಾಗುವ ಕ್ರಿಯಾಪದಗಳಿಗೆ ಆಗಿ ಉಳಿದದ್ದು ಅನ್ನುವ ಅರ್ಥ. ನಾಮಪದ ಆದ ಮೇಲೆ ಬರುವ 'ವ' ಮತ್ತು 'ಗ' ಪ್ರತ್ಯಯಗಳ ಬಗ್ಗೆ ಪುಟಗಟ್ಟಲೆ ಓದಿ ತಲೆ ಕೆಡಿಸಿಕೊಳ್ಳಬೇಡಿ. ಯಾರು, ಏನು ಅನ್ನುವ ಪ್ರಶ್ನೆಯ ಪದ ಕರ್ತೃವಾದರೆ 'ಗ', ಅದರ ಉತ್ತರಕ್ಕೂ 'ಗ'; ಮೇಲಿನ 'ಇನು ಗ ಇಮಸ್', 'ಒಕಾಸನ್ ಗ ಕುರೆಮಶಿತ' ಅಂಥವನ್ನು ಹಾಗೇ ಕಲಿತುಕೊಳ್ಳಿ; ಉಳಿದ ಕಡೆ ಸದ್ಯಕ್ಕೆ 'ವ'. ಎಣಿಕೆಯಲ್ಲಿ ವಸ್ತುಗಳಿಗೆ ಹಿತೊತ್ಸು, ಫುತತ್ಸು ಅಂತ ಹತ್ತರವರೆಗೆ, ಮನುಷ್ಯರಿಗೆ ಹಿತೊರಿ, ಫುತರಿ, ಸನ್ನಿನ್. ಇಷ್ಟು ಸಾಕು.

ಪಾಠಕ್ಕೆ ಜಪಾನ್ ಫೌಂಡೇಶನ್ನಿನ 'ಮಿನಾತೊ' ತಾಣದಲ್ಲಿ ಸ್ವಂತ ಕಲಿಯುವ ಉಚಿತ ಕೋರ್ಸುಗಳಿವೆ. ದಿನಕ್ಕೆ ನಲವತ್ತು ನಿಮಿಷ ಅಂತ ಇಟ್ಟುಕೊಳ್ಳಿ, ಅದರಲ್ಲಿ ಅರ್ಧ ಬಾಯಿಬಿಟ್ಟು ಹೇಳುವುದಕ್ಕೆ.

ದುರ್ಗದಬೈಲ್_ಚಾ ಬರೆದದ್ದು:

ಮ್ಯಾಲಿನವರು ಹೇಳಿದ್ದು ಖರೇ. ನಾ ಗಂಡನ ಕಡೀಂದ ಕಲಿಯೋ ವಿಷಯ ಅಷ್ಟ ಹೇಳ್ತೀನ್ರಿ ಅಕ್ಕಾರ.

ವ್ಯಾಕರಣ ಅವರ ಕಡೆ ಕಲೀಬ್ಯಾಡ್ರಿ. ಹುಟ್ಟಾ ಆಡೋ ಭಾಷಾದಾಗ 'ಇಲ್ಲಿ ವ ಯಾಕ, ಗ ಯಾಕ' ಅಂತ ಕೇಳಿದ್ರ ಯಾರಿಗೂ ಹೇಳಾಕ ಬರಂಗಿಲ್ಲ. ನಮ್ಮನ್ನ 'ಮಾಡ್ಯಾನ' ಯಾಕ, 'ಮಾಡಿದಾ' ಯಾಕ ಅಂತ ಕೇಳಿದ್ರ ನಾವರ ಏನ್ ಹೇಳ್ತೀವಿ? ಅವರಿಗೂ ಬ್ಯಾಸರ, ನಿಮಗೂ ಸಿಟ್ಟು. ಕಡೀಕ ಇಬ್ರೂ ಇಂಗ್ಲಿಷಿಗೆ ವಾಪಸ್ ಹೋಗ್ತೀರಿ.

ಅವರ ಕಡೀಂದ ತೊಗೊಳ್ಳೋದು ದನಿ. ವಾರಕ್ಕ ಹತ್ತು ವಾಕ್ಯ ಆರಿಸಿ ಕೊಡ್ರಿ. ಒಂದ್ಸಲ ನಿಧಾನ, ಒಂದ್ಸಲ ಅವರು ಮನಿಯವರ ಜೋಡಿ ಮಾತಾಡೋ ವ್ಯಾಗದಾಗ ಹೇಳಿಸಿ ಮೊಬೈಲನ್ಯಾಗ ರೆಕಾರ್ಡ್ ಮಾಡಿ ಇಟ್ಕೋರಿ. ಕೇಳಿ, ನಿಲ್ಲಿಸಿ, ಅದ ಏಳುಬೀಳು ಹಿಡದು ಹೇಳ್ರಿ. ನಿಧಾನದ್ದು ಅಷ್ಟ ಕೇಳಿದ್ರ ಅಲ್ಲಿ ಹೋದಾಗ ಒಂದೂ ತಿಳಿಯಂಗಿಲ್ಲ, ಯಾಕಂದ್ರ ಜೋರಾಗಿ ಮಾತಾಡುವಾಗ 'ಶಿತೆ ಇರು' ಹೋಗಿ 'ಶಿತೆರು' ಆಗ್ತದ, 'ಶಿತೆ ಶಿಮತ್ತ' ಹೋಗಿ 'ಶಿಚತ್ತ' ಆಗ್ತದ.

ಎರಡನೇದು, ದಿನದಾಗ ಒಂದು ಹೊತ್ತು ಗೊತ್ತು ಮಾಡ್ರಿ, ರಾತ್ರಿ ಊಟದ್ದು ಚಲೋ. ಸುರೂಕ ಹದಿನೈದು ನಿಮಿಷ ಬರೇ ಜಪಾನಿ. ಪದ ಗೊತ್ತಿಲ್ಲಂದ್ರ ಬಟ್ಟು ಮಾಡಿ ತೋರಿಸಿ 'ಕೊರೆ ವ ನಿಹೊಂಗೊ ದೆ ನನ್ ತೊ ಈಮಸ್ ಕ' ಅಂತ ಕೇಳ್ರಿ. ಇದನ್ನ ಜಪಾನಿಯೊಳಗ ಏನಂತಾರ ಅಂತ ಅದರ ಅರ್ಥ. ಇಂಗ್ಲಿಷ್ ಪದ ಬಾಯಿಗೆ ಬಂದ್ರೂ ನುಂಗ್ರಿ. ಹದಿನೈದು ನಿಮಿಷ ಮುಗದ ಮ್ಯಾಲೆ ಇಂಗ್ಲಿಷ್ ಆಡ್ರಿ, ಇಲ್ಲಂದ್ರ ಸಂಸಾರದ ಮಾತು ನಿಂತು ಹೋಗ್ತದ.

ತಿದ್ದೋದಕ್ಕೂ ಕರಾರು ಬೇಕು. ಒಂದು ವಾರಕ್ಕ ಒಂದ ನಮೂನಿ ತಪ್ಪು. ಈ ವಾರ ನಿ-ದೆ ಅಷ್ಟ, ಮುಂದಿನ ವಾರ ದೀರ್ಘಾಕ್ಷರ ಅಷ್ಟ. ವಾಕ್ಯಕ್ಕೊಂದು ತಪ್ಪು ಹಿಡದ್ರ ಬಾಯಿ ತಗೀಲಿಕ್ಕ ಮನಸ ಆಗಂಗಿಲ್ಲ.

ಇನ್ನೊಂದು ಭಾಳ ಮುಖ್ಯ. ಗಂಡನ ಮಾತು ಹಂಗ ಎತ್ತಿಕೊಂಡ್ರ ನಿಮ್ಮ ಬಾಯಾಗ ಗಂಡಸರ ಭಾಷಾ ಬರ್ತದ. 'ನಾ' ಅನ್ನಾಕ ಅವರು 'ಒರೆ' ಅಂದ್ರ ನೀವು 'ವತಶಿ' ಅನ್ನಬೇಕು. ಅವರು ರುಚಿ ಅದ ಅನ್ನಾಕ 'ಉಮೈ' ಅಂತಾರ, ನೀವು 'ಒಯಿಶೀ ದೆಸ್' ಅನ್ರಿ. ಅವರು ನಿಮ್ಮ ಜೋಡಿ ಸಲಿಗಿ ರೂಪದಾಗ 'ತಬೆರು? ಇಕು?' ಅಂತಾರ, ಅತ್ತಿ-ಮಾವನ ಮುಂದ ಮೊದಲನೇ ದಿನದಿಂದ 'ದೆಸ್, ಮಸ್' ರೂಪಾನ ಬೇಕು. ಆ ರೂಪ ಮೊದಲ ಗಟ್ಟಿ ಮಾಡ್ರಿ, ಸಲಿಗಿದು ಆಮ್ಯಾಲೆ ತಾನ ಬರ್ತದ.

ಅತ್ತಿ-ಮಾವಗ ಒಂಬತ್ತು ತಿಂಗಳ ಮ್ಯಾಲೆ ದನಿ ಕೇಳಿಸೋದಕ್ಕಿಂತ ಮೂರನೇ ತಿಂಗಳದಿಂದ ವಾರಕ್ಕೊಂದು ವಿಡಿಯೋ ಕಾಲ್ ಮಾಡ್ರಿ. ಅಲ್ಲಿ ಟೈಮು ನಮಗಿಂತ ಮೂರೂವರಿ ತಾಸು ಮುಂದ. ನಾವು ರಾತ್ರಿ ಎಂಟಕ್ಕ ಹಚ್ಚಿದ್ರ ಅವರಿಗೆ ಹನ್ನೊಂದೂವರಿ. ರವಿವಾರ ಮುಂಜಾನೆ ಹತ್ತಕ್ಕ ಹಚ್ಚಿದ್ರ ಅಲ್ಲಿ ಮಧ್ಯಾಹ್ನ ಒಂದೂವರಿ, ಊಟ ಮುಗಿಸಿ ಕುಂತಿರ್ತಾರ. ಹತ್ತು ನಿಮಿಷ ಸಾಕು: ಇಲ್ಲಿ ಮಳಿ-ಬಿಸಲು ಹೆಂಗದ, ಇವತ್ತೇನು ಅಡಗಿ, ಅವರಿಗೊಂದು ಪ್ರಶ್ನೆ. ಮೊದಲ ಬರದು ಕಲತು ಹೇಳಿದ್ರೂ ನಡೀತದ. ಅವರು ಮಾತಾಡುವಾಗ ನಡುನಡು 'ಹೈ', 'ಏ', 'ಸೋ ದೆಸ್ ಕ' ಅಂತಿರ್ರಿ. ನಾವು ಹೂಂ ಅಂದಂಗ ಅದು. ಸುಮ್ಮ ಕುಂತ್ರ ಲೈನ್ ಹೋತೇನೋ ಅಂತಾರ. ನೆನಪಿಡ್ರಿ, ಅವರು ನಿಮಗ 'ಹೈ' ಅಂದ್ರ ಒಪ್ಪಿಗಿ ಅಂತಲ್ಲ, ಕೇಳಾಕತ್ತೀನಿ ಅಂತ.

ಮಾಳಮಡ್ಡಿ_ಸೊಸಿ:

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಊಟದ್ದು ಮತ್ತ ಅತ್ತಿ-ಮಾವಗ ಏನಂತ ಕರಿಯೋದು ಅನ್ನೋದು ಇನ್ನೂ ಉಳೀತು. ಮತ್ತೊಂದು: ಅವರ ಅವ್ವ ಮಾತಾಡೋದು ಪಾಠದಾಗಿನ ಜಪಾನಿ ಅನಸಂಗಿಲ್ಲ, ಬ್ಯಾರೇನ ಕೇಳಸ್ತದ.

ಏಲಕ್ಕಿ_ಹಾರ ಬರೆದದ್ದು:

ಊಟದ ವಿಷಯದಲ್ಲಿ ಒಂದು ವಾಕ್ಯಕ್ಕೆ ನಂಬಿ ಕೂರಬೇಡಿ. 'ನಿಕು ವ ತಬೆಮಸೆನ್' (ಮಾಂಸ ತಿನ್ನುವುದಿಲ್ಲ) ಅಂದರೆ ಮೀನು ಬರುತ್ತದೆ, ಯಾಕೆಂದರೆ 'ನಿಕು' ಅನ್ನುವುದರಲ್ಲಿ ಮೀನು ಸೇರಿಲ್ಲ. ಮೀನೂ ಬೇಡ ಅಂದರೆ ಸಾರು ಬರುತ್ತದೆ, ಆ ಸಾರಿನ ಬುಡದಲ್ಲಿ ಒಣಗಿಸಿದ ಕತ್ಸುಒ ಮೀನಿನ ತೆಳು ಚಕ್ಕೆ ಕುದಿಸಿ ಸೋಸಿದ ನೀರಿರುತ್ತದೆ. ಅದಕ್ಕೆ ದಶಿ ಅನ್ನುತ್ತಾರೆ. ಮೀನು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮಾಡುವವರಿಗೂ ಅದು ಮೀನಿನಡುಗೆ ಅನಿಸುವುದಿಲ್ಲ. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಸೊಬ ಶಾವಿಗೆಯ ತಿಳಿ, ಬೇಯಿಸಿದ ತರಕಾರಿ, ಬಾಟಲಿಯಲ್ಲಿ ಬರುವ ಶಾವಿಗೆ ತಿಳಿ 'ಮೆನ್ತ್ಸುಯು', ಎಲ್ಲದರಲ್ಲೂ ಇದು ಇರುತ್ತದೆ. ಈ ಮೂರು ವಾಕ್ಯ ಬಾಯಿಪಾಠ ಮಾಡಿ:

ನಿಕು ಮೊ ಸಕನ ಮೊ ತಬೆಮಸೆನ್.
ಕತ್ಸುಒ ನೊ ದಶಿ ಮೊ ತಬೆರರೆಮಸೆನ್.
ಕೊಂಬು ತೊ ಶೀತಕೆ ನೊ ದಶಿ ವ ದೈಜೋಬು ದೆಸ್.

ಮಾಂಸವೂ ಮೀನೂ ತಿನ್ನುವುದಿಲ್ಲ, ಕತ್ಸುಒ ದಶಿಯೂ ಆಗುವುದಿಲ್ಲ, ಕೊಂಬು (ಒಂದು ಬಗೆಯ ಕಡಲಪಾಚಿ) ಮತ್ತು ಶೀತಕೆ ಅಣಬೆಯ ದಶಿ ಆಗುತ್ತದೆ. ಮೂರನೆಯ ವಾಕ್ಯವೇ ಅತ್ತೆಯ ಮನಸ್ಸಿಗೆ ಬೇಸರ ಆಗದಂತೆ ಕಾಯುವುದು: ಬೇಡ ಅಂದು ನಿಲ್ಲಿಸದೆ ಏನು ಮಾಡಬಹುದು ಅಂತ ನೀವೇ ತೋರಿಸಿದಿರಿ. ಇದನ್ನು ಹೋದ ದಿನ ಹೇಳಬೇಡಿ, ಒಂದು ತಿಂಗಳು ಮುಂಚೆ ವಿಡಿಯೋ ಕಾಲಿನಲ್ಲಿ ಹೇಳಿ, ಯಜಮಾನರ ಕೈಲಿ ಬರೆದೂ ಕಳಿಸಿ. ಅವರ ಅಡುಗೆಮನೆಯಲ್ಲಿ ನೀವೂ ಮಾಡಬಹುದು: ಒಂದು ಲೀಟರ್ ನೀರಿಗೆ 10 ಗ್ರಾಂ ಒಣ ಕೊಂಬು ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಣ್ಣ ಉರಿಗಿಟ್ಟು ಕುದಿ ಬರುವ ಮುಂಚೆ ಕೊಂಬು ತೆಗೆದುಬಿಡಿ. ಕುದ್ದರೆ ಲೋಳೆ ಬಿಟ್ಟು ರುಚಿ ಕೆಡುತ್ತದೆ.

ಹೊಸ ವರ್ಷದ ಡಬ್ಬಿಯಲ್ಲಿ (ಒಸೆಚಿ) ಕಣ್ಣಿಟ್ಟಿರಿ. ಕುರೊಮಮೆ ಅನ್ನುವ ಸಿಹಿ ಕಪ್ಪು ಸೋಯಾಕಾಳು, ಕುರಿಕಿಂತೊನ್ ಅನ್ನುವ ಗೆಣಸು-ಚೆಸ್ಟ್‌ನಟ್ ಸಿಹಿ ಸಾಮಾನ್ಯವಾಗಿ ನಡೆಯುತ್ತವೆ. ಅಂಚು ಕೆಂಪಗಿರುವ ಬಿಳಿ ಬಿಲ್ಲೆ ಕಮಬೊಕೊ ಮೀನಿನ ಹಿಟ್ಟಿನದು. ಹಳದಿ ಸುರುಳಿ ದತೆಮಕಿಯಲ್ಲಿ ಮೊಟ್ಟೆ, ಮೀನು ಎರಡೂ ಇರುತ್ತವೆ. ಕೊಂಬು ಸುತ್ತಿದ ಉರುಳೆಯ ಒಳಗೂ ಮೀನು ಇರಬಹುದು, ಕೇಳಿ ತಿನ್ನಿ. ಓಸಕ ಕಡೆ ಜೋನಿ ಸಾರನ್ನು ಬಿಳಿ ಮಿಸೊ ಹಾಕಿ ದುಂಡನೆಯ ಮೊಚಿ (ಅಂಟಕ್ಕಿಯ ಉಂಡೆ) ಬಿಟ್ಟು ಮಾಡುವ ರೂಢಿ ಹೆಚ್ಚು. ದಶಿ ಬದಲಿಸಿದರೆ ಅದು ನಿಮಗೂ ಆಗುತ್ತದೆ.

ಹೊಟ್ಟೆ ತುಂಬಿತು ಅನ್ನಲು 'ಒನಕ ಗ ಇಪ್ಪೈ ದೆಸ್' ಅಂತ ಪೂರ್ತಿ ಹೇಳಿ. 'ಮೋ ಇಪ್ಪೈ' ಅಂತ ಅರ್ಧಕ್ಕೆ ಬಿಟ್ಟರೆ, ಸ್ವರದ ಏರಿಳಿತ ತಪ್ಪಿದಾಗ, ಇನ್ನೊಂದು ಬಟ್ಟಲು ಬೇಕು ಅಂತ ಕೇಳಿಸುತ್ತದೆ.

ಕರೆಯುವುದು ಸರಳ: ಅತ್ತೆಗೆ ಒಕಾಸನ್, ಮಾವನಿಗೆ ಒತೋಸನ್. ಪಾಠದಲ್ಲಿ 'ನೀವು' ಅನ್ನಲು 'ಅನತ' ಅಂತ ಕಲಿಸುತ್ತಾರೆ. ಕನ್ನಡದ 'ನೀವು' ಗೌರವದ್ದು ಆದ್ದರಿಂದ ನಾವು ಧೈರ್ಯವಾಗಿ ಬಳಸುತ್ತೇವೆ, ಆದರೆ ಹಿರಿಯರಿಗೆ ಅದು ಒರಟು. 'ಅತ್ತೆ ಎಲ್ಲಿಗೆ ಹೊರಟರು' ಅನ್ನುವ ಹಾಗೆ ಸಂಬಂಧದ ಹೆಸರನ್ನೇ ಹಿಡಿದು ಮಾತಾಡಿ.

ಕನ್ನಡದವರಿಗೆ ಒಗ್ಗಲು ಹೊತ್ತು ಹಿಡಿಯುವುದು ಇನ್ನೊಂದಿದೆ. ನಾವು ಹಿರಿಯರ ಬಗ್ಗೆ ಯಾರ ಮುಂದೆ ಮಾತಾಡಿದರೂ ಬಹುವಚನ ಬಿಡುವುದಿಲ್ಲ. ಅಲ್ಲಿ ಹೊರಗಿನವರ ಮುಂದೆ ನಮ್ಮ ಮನೆಯವರನ್ನು ಏರಿಸಿ ಮಾತಾಡಬಾರದು. ನಿಮ್ಮ ತಾಯಿಯನ್ನು ಕರೆಯುವಾಗ ಒಕಾಸನ್, ಹೊರಗಿನವರಿಗೆ ಹೇಳುವಾಗ ಬರೀ 'ಹಹ'. ಅತ್ತೆಯ ಬಗ್ಗೆ ಹೇಳುವಾಗ 'ಒತ್ತೊ ನೊ ಹಹ', ಗಂಡನ ತಾಯಿ. ನಾಲಿಗೆಗೆ ಅಗೌರವ ಅನಿಸುತ್ತದೆ, ಆದರೆ ಅಲ್ಲಿ ಅದೇ ಮರ್ಯಾದೆ.

ಮೊದಲ ಸಲ ಹೊಸ್ತಿಲು ದಾಟುವಾಗ 'ಒಜಮ ಶಿಮಸ್', ಕೂತ ಮೇಲೆ 'ಒಸೆವ ನಿ ನರಿಮಸ್'. ಮರುದಿನದಿಂದ ಹೊರಗೆ ಹೋಗಿ ಬಂದಾಗ ಮನೆಯವರ ಹಾಗೆ 'ತದೈಮ'. ಹೊಸ ವರ್ಷದ ಹಾರೈಕೆಗೆ ಡಿಸೆಂಬರ್ 31ರವರೆಗೆ 'ಯೊಯಿ ಒತೊಶಿ ಒ', ಜನವರಿ 1ರಿಂದ 'ಅಕೆಮಶಿತೆ ಒಮೆದೆತೋ ಗೊಜ಼ೈಮಸ್'. ಅದಲುಬದಲು ಆಗಬಾರದು. ಆ ವರ್ಷ ಅವರ ಮನೆಯಲ್ಲಿ ಸಾವಾಗಿದ್ದರೆ ಎರಡನೆಯದನ್ನು ಹೇಳುವುದಿಲ್ಲ, ನಮ್ಮಲ್ಲಿ ವರ್ಷದ ಹಬ್ಬ ಬಿಡುವ ಹಾಗೆ. ಯಜಮಾನರನ್ನು ಕೇಳಿಕೊಂಡು ಹೋಗಿ.

ಗದಗ_ನಿಹೊಂಗೊ:

ಪರೀಕ್ಷೆಯ ಬಗ್ಗೆ: ಹತ್ತು ದಿನ ಹೋಗಿ ಬರಲು ಬೇಕಿಲ್ಲ. ಗಡುವು ಇದ್ದರೆ ಓದು ಸಾಗುತ್ತದೆ ಅನ್ನುವವರು ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್5 (ಎಲ್ಲಕ್ಕಿಂತ ಕೆಳಗಿನ ಹಂತ) ಕಟ್ಟಬಹುದು. ಅದು ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ, ನಮಗೆ ಬೆಂಗಳೂರು ಕೇಂದ್ರ. ಒಟ್ಟು 180ಕ್ಕೆ 80 ಬರಬೇಕು. ಅದರೊಳಗೆ ಕೇಳುವಿಕೆಯ 60ಕ್ಕೆ ಕನಿಷ್ಠ 19, ಉಳಿದ 120ಕ್ಕೆ ಕನಿಷ್ಠ 38. ಒಂದು ಭಾಗದಲ್ಲಿ ಕಡಿಮೆಯಾದರೂ ಫೇಲು. ಅರ್ಜಿ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿಯುತ್ತದೆ. ಎಲ್ಲ ಪ್ರಶ್ನೆಗೂ ಸರಿ ಉತ್ತರ ಆರಿಸುವುದು ಮಾತ್ರ, ಮಾತಾಡುವ ಭಾಗವೇ ಇಲ್ಲ. ಅದಕ್ಕೆಂದೇ ಓದಿದವರು ಪಾಸಾಗಿಯೂ ಅತ್ತೆಯ ಮುಂದೆ ಬಾಯಿ ಕಟ್ಟಿ ಕೂರುತ್ತಾರೆ. ರಾತ್ರಿ ಊಟದ ಹದಿನೈದು ನಿಮಿಷ ಬಿಟ್ಟು ಪರೀಕ್ಷೆಗೆ ಕೂರಬೇಡಿ.

ಇನ್ನು ಅತ್ತೆಯ ಮಾತು. ನಿಮ್ಮ ಕಿವಿ ಸರಿಯಾಗಿಯೇ ಇದೆ: ಪಾಠದ್ದು ತೋಕ್ಯೋ ಕಡೆಯ ಜಪಾನಿ, ಅವರದ್ದು ಕನ್ಸೈ, ಅಂದರೆ ಓಸಕ ಸುತ್ತಿನ ಸೀಮೆಯದ್ದು. ವಾಕ್ಯದ ಕೊನೆಯ 'ದ' ('ದೆಸ್'ನ ಸಲಿಗೆ ರೂಪ) ಇದ್ದಲ್ಲಿ 'ಯ' ಬರುತ್ತದೆ. ನಿಷೇಧದ 'ನೈ' ಹೋಗಿ 'ಹೆನ್' ಬರುತ್ತದೆ: ವಕರನೈ ಅನ್ನುವುದು ವಕರಹೆನ್, ತಿಳಿಯುವುದಿಲ್ಲ. ದಮೆ (ಆಗದು, ಬೇಡ) ಅನ್ನುವುದಕ್ಕೆ ಅಕನ್, ಹೊಂತೋ (ನಿಜ) ಅನ್ನುವುದಕ್ಕೆ ಹೊಮ್ಮ, ಇಕುರ (ಎಷ್ಟು ದುಡ್ಡು) ಅನ್ನುವುದಕ್ಕೆ ನಂಬೊ. ಕ್ರಿಯಾಪದದ ಕೊನೆಗೆ 'ಹರು' ಕೇಳಿದರೆ ಅದು ಮೆದುವಾದ ಗೌರವ. ಸ್ವರದ ಏರಿಳಿತವೂ ತಿರುಗಾಮುರುಗಾ: ತೋಕ್ಯೋದಲ್ಲಿ 'ಹಶಿ'ಯ ಮೊದಲಕ್ಷರ ಏರಿದರೆ ಊಟದ ಕಡ್ಡಿ, ಓಸಕದಲ್ಲಿ ಹಾಗೇ ಏರಿಸಿದರೆ ಸೇತುವೆ. ಕನ್ನಡದಲ್ಲಿ ಈ ಸ್ವರಭೇದ ಇಲ್ಲವಾದ್ದರಿಂದ ಮೊದಲ ವರ್ಷ ಅದರ ಹಿಂದೆ ಬೀಳಬೇಡಿ, ಮಾತಿನ ಸಂದರ್ಭದಿಂದ ಅವರಿಗೆ ತಿಳಿಯುತ್ತದೆ.

ಕನ್ಸೈ ಕೇಳಿ ಅರ್ಥ ಮಾಡಿಕೊಳ್ಳಿ, ಆಡುವುದು ಪಾಠದ ಜಪಾನಿಯನ್ನೇ ಆಡಿ. ಎರಡನ್ನೂ ಬೆರೆಸಿ ಆಡಿದರೆ ಅವರಿಗೆ ನಿಮ್ಮ ತಪ್ಪು ಯಾವುದು, ರೂಢಿ ಯಾವುದು ಗೊತ್ತಾಗುವುದಿಲ್ಲ. ಒಂದೆರಡು ಪದ ಮಾತ್ರ ಮೊದಲೇ ಗೊತ್ತಿರಲಿ. 'ಹೊಕಸು' ಅಂದರೆ ಬಿಸಾಡು. ಊಟ ಆದ ಮೇಲೆ ಅತ್ತೆ ನಿಮ್ಮ ಕೈಗೆ ತೊಳೆದ ಬಟ್ಟಲು ಕೊಟ್ಟು 'ಕೊರೆ ನವೊಶಿತೊಯ್ತೆ' ಅನ್ನಬಹುದು. ಪಾಠದ ಪ್ರಕಾರ ನವೊಸು ಅಂದರೆ ರಿಪೇರಿ ಮಾಡು, ಬಟ್ಟಲು ಎಲ್ಲಿ ಒಡೆದಿದೆ ಅಂತ ತಿರುಗಿಸಿ ನೋಡಬೇಡಿ. ಆ ಕಡೆ ಅದಕ್ಕೆ ಅರ್ಥ: ಕಪಾಟಿನಲ್ಲಿ ಅದರ ಜಾಗದಲ್ಲಿಡು.